ತಲೆದೆಸೆಯ ಹಲಗೆ

ದಿನಾ ಸಂಜೆ ಐದೂವರೆಯಿಂದ ಏಳು. ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ನನ್ನ ಸುತ್ತಿಗೆಗೆ ಕಸ್ತೂರೆಮ್ಮ ಹಾಕಿಕೊಟ್ಟ ವೇಳಾಪಟ್ಟಿ ಇದು. ಆಕೆ ನಮ್ಮ ಕೆಳಗಿನ ಮನೆಯವಳು. ಗಂಡ ನಿವೃತ್ತ ಮೇಷ್ಟ್ರು. ಮಧ್ಯಾಹ್ನ ಉಂಡು ಮಲಗಿದರೆ ಐದರವರೆಗೆ ಭೂಕಂಪವಾದರೂ ಏಳಬಾರದೆಂಬ ವ್ರತದ ಮನುಷ್ಯ. ಮೊದಲ ಸಲ ಆಕೆ ಮೆಟ್ಟಿಲು ಹತ್ತಿ ಬಂದದ್ದು ಜಗಳ ಮಾಡುವುದಕ್ಕೆ. ನನ್ನ ಹುಬ್ಬಿನ ಮೇಲೆ, ಕಿವಿಯೊಳಗೆ ತುಂಬಿದ್ದ ಕಟ್ಟಿಗೆ ಹೊಟ್ಟು ನೋಡಿ ಜಗಳ ಮರೆತು ನಿಂತಳು.

"ಏನ್ರಿ ಸರ್ರ ಇದು, ಸಿಂಧನೂರಾಗ ಇರೋ ಗಿರಣಿ ಸಾಲಲಿಲ್ಲೇನು? ಮನ್ಯಾಗೊಂದು ಇಟ್ಟೀರಿ?"

"ಗಿರಣಿ ಅಲ್ರಿ. ಒಂದು ಮಣೆ ಮಾಡಾಕತ್ತೀನಿ."

"ಮಣೆ ಪ್ಯಾಟ್ಯಾಗ ಸಿಗೂದಿಲ್ಲೇನು?"

ಸಿಗುತ್ತದೆ. ಆದರೆ ನಾನೇ ಯಾಕೆ ಮಾಡುತ್ತೇನೆಂದು ಆಕೆಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಕೊನೆಗೆ ಆ ಮಣೆಯನ್ನು ಆಕೆಗೇ ಕೊಟ್ಟೆ. ಒಂದು ಕಾಲು ತುಸು ಗಿಡ್ಡವಾಗಿತ್ತು. ಅದರ ಕೆಳಗೆ ರಟ್ಟು ಮಡಿಸಿಟ್ಟು ಮೇಷ್ಟ್ರು ಅದರ ಮೇಲೇ ಕೂತು ಸ್ನಾನ ಮಾಡುತ್ತಾರಂತೆ. ವೇಳಾಪಟ್ಟಿ ಸಿಕ್ಕಿದ್ದು ಆ ಮಣೆಯ ದೆಸೆಯಿಂದ.

ನನ್ನ ಹೆಸರು ಗಂಗಾಧರ. ನಲವತ್ತೇಳು ವರ್ಷ. ಕಾಲುವೆ ನೀರಿನ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ನಮ್ಮ ತಾತ ಜವಳಗೇರಾದಲ್ಲಿ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿದವನು, ನಮ್ಮಪ್ಪ ಪ್ಯೂನ್ ಆಗಿದ್ದವನು. ನಾನು ಕುರ್ಚಿಯ ಮೇಲೆ ಕೂತು ಫೈಲು ನೋಡುತ್ತೇನೆ. ಆ ಕುರ್ಚಿ ಹೇಗೆ ನಿಂತಿದೆ ಎಂದು ಬಗ್ಗಿ ನೋಡಿದ್ದು ಮಾತ್ರ ಹೆಂಡತಿ ಸತ್ತ ಮೇಲೆ.

ಮನೆ ಎಂದರೆ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಅದರ ಹಿಂದೆ ಭಾಂಡೆ ತೊಳೆಯುವ ಬಾಲ್ಕನಿ. ಬಾಲ್ಕನಿ ಉದ್ದ ಏಳಡಿ, ಅಗಲ ನಾಲ್ಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅಲ್ಲಿ ನಾನು ಗರಗಸ ಎಳೆದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಅದಕ್ಕಾಗಿ ಅರ್ಧವೇ ಎಳೆಯುವುದನ್ನು ಕಲಿತೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದರೆ ಸುತ್ತಿಗೆಯ ಸಪ್ಪಳ ಅರ್ಧ ಇಳಿಯುತ್ತದೆ. ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿದರೂ ಹೊಟ್ಟು ಒಳಗೆ ಬರುತ್ತದೆ, ಬೇಳೆಸಾರಿನಲ್ಲಿ ಬೀಳುತ್ತದೆ. ನಾನು ಅದನ್ನು ಹಾಗೆಯೇ ಉಣ್ಣುತ್ತೇನೆ. ಬೇಡ ಎನ್ನುವವರು ಮನೆಯಲ್ಲಿ ಯಾರೂ ಇಲ್ಲ.

ಪದ್ಮಾವತಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ರಾಯಚೂರಿನ ಡಾಕ್ಟರು ಹೇಳಿ ಕಳಿಸಿದ ಮೇಲೆ ಏಳು ತಿಂಗಳು ಮಂಚದ ಮೇಲಿದ್ದಳು. ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ನಾನು ಗಂಜಿ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಬಟ್ಟಲನ್ನು ಕಿಟಕಿಯಲ್ಲಿಟ್ಟು ಗಂಜಿ ಆರುವುದನ್ನು ನೋಡುತ್ತ ಕೂತೆ. ಆರಿದ ಮೇಲೆ ಎಲ್ಲರಿಗೂ ಫೋನ್ ಮಾಡಿದೆ.

ನನಗೆ ಅಳು ಬರಲಿಲ್ಲ. ಅಂದು ಬರಲಿಲ್ಲ, ಮಣ್ಣು ಹಾಕುವಾಗ ಬರಲಿಲ್ಲ, ಆಮೇಲೂ ಇಲ್ಲ. ಬಂದವರೆಲ್ಲ "ಅತ್ತುಬಿಡ್ರಿ, ಹಗುರ ಆಗ್ತೈತಿ" ಎಂದು ಹೇಳಿ ಹೋದರು. ನನ್ನ ಭಾರ ಎಷ್ಟೆಂದು ಇವರು ಯಾವ ತಕ್ಕಡಿಯಲ್ಲಿ ತೂಗಿದ್ದರೋ! ನನಗೆ ಭಾರವೂ ಇರಲಿಲ್ಲ, ಹಗುರವೂ ಇರಲಿಲ್ಲ. ಐದನೇ ದಿನ ಆಫೀಸಿಗೆ ಹೋದೆ. ನನ್ನ ಮಗಳು ಅಂಬಿಕಾ ಆಗ ಮೊದಲ ಪಿಯುಸಿ. ನಾಲ್ಕನೇ ದಿನ ಅವಳು ಪರೀಕ್ಷೆಗೆ ಹೋಗಿ ಬರೆದು ಬಂದಳು. ಅವಳನ್ನು ಜನ ಗಟ್ಟಿ ಹುಡುಗಿ ಎಂದರು. ನನ್ನನ್ನು ಕಲ್ಲು ಎಂದರು.

ಮೊದಲು ಅಂದವಳು ಗದ್ದೆಮ್ಮ. ಪದ್ಮಾವತಿಯ ಅಕ್ಕ, ಲಿಂಗಸುಗೂರಿನಲ್ಲಿ ಅಂಗನವಾಡಿ ಟೀಚರ್. ಅವಳ ಗೋಡೆಯ ಮೇಲೆ ಬುದ್ಧನ ಪಟ ಇದೆ, ಬುದ್ಧವಂದನೆ ಪೂರ್ತಿ ಬಾಯಿಪಾಠ. ಕಪಾಟು ತೆಗೆದರೆ ಸೀರೆಗಳ ಹಿಂದೆ ಎಲ್ಲಮ್ಮನೂ ಇದ್ದಾಳೆ. ಎದೆ ಬಡಿದುಕೊಂಡು ಅಳುತ್ತ ಮೆಟ್ಟಿಲು ಹತ್ತಿ ಬಂದವಳು, ತಂಗಿಯ ಮುಖ ನೋಡಿದ್ದೇ ನನ್ನ ಕಡೆ ತಿರುಗಿ ಕೇಳಿದಳು.

"ನೆಲಕ್ಕ ಇಳಿಸಲಿಲ್ಲೇನು?"

ನಮ್ಮ ಕಡೆ ಮಂಚದ ಮೇಲೆ ಪ್ರಾಣ ಬಿಡಬಾರದು. ಕೊನೆಯ ಉಸಿರಿನ ಹೊತ್ತಿಗೆ ನೆಲಕ್ಕೆ ಇಳಿಸಬೇಕು, ಬಾಯಿಗೆ ನಾಲ್ಕು ಹನಿ ನೀರು ಬಿಡಬೇಕು. ಮಂಚದ ಮೇಲೇ ಹೋದರೆ ಆ ಮಂಚ ಆಮೇಲೆ ಮನೆಯಲ್ಲಿ ಇರಬಾರದು. "ಕಾರ್ಯ ಮುಗಿಯೋದ್ರೊಳಗ ಅದನ್ನ ಯಾರಿಗಾದ್ರೂ ಕೊಟ್ಟುಬಿಡು ಗಂಗಾಧರಪ್ಪಾ. ಬೆಳೆಯೋ ಹುಡುಗಿ ಇರೋ ಮನಿ" ಎಂದು ಗದ್ದೆಮ್ಮ ಹೇಳಿ ಊರಿಗೆ ಹೋದಳು. ಹೂಂ ಎಂದೆ.

ಕೊಡುವುದಕ್ಕಾದರೂ ಅದನ್ನು ಕೆಳಗೆ ಇಳಿಸಬೇಕಲ್ಲ. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಅಕ್ಕಿ ಚೀಲ ಹೊತ್ತವನೇ ಅಡ್ಡಡ್ಡ ಆಗುತ್ತಾನೆ. ಅಂಬಿಕಾ ಪರೀಕ್ಷೆಗೆ ಹೋದ ಹೊತ್ತಿನಲ್ಲಿ ಮಂಚ ಬಿಚ್ಚಲು ಕೂತೆ. ನಾಲ್ಕು ಬೋಲ್ಟು ತೆಗೆದ ಮೇಲೆ ನೋಡಿದರೆ ಉಳಿದದ್ದಕ್ಕೆ ಒಂದು ಮೊಳೆಯೂ ಇಲ್ಲ. ಒಂದು ಪಟ್ಟಿಯ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಆ ನಾಲಿಗೆಗೆ ಸರಿಯಾಗಿ ಕೊರೆದ ಕಿಂಡಿ. ಇಪ್ಪತ್ತು ವರ್ಷ ಅದರ ಮೇಲೆ ಮಲಗಿದ್ದೆ, ಅದು ಹೀಗೆ ನಿಂತಿದೆ ಎಂದು ಗೊತ್ತೇ ಇರಲಿಲ್ಲ. ತಟ್ಟಿ ಬಿಡಿಸಿದೆ, ಮತ್ತೆ ಕೂಡಿಸಿದೆ, ಮತ್ತೆ ಬಿಡಿಸಿದೆ. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ. ಸಂತೋಷ ಎನ್ನಲಾರೆ. ಹೊತ್ತು ಹೋಯಿತು ಅಷ್ಟೆ. ಆ ದಿನಗಳಲ್ಲಿ ನನಗೆ ಹೊತ್ತು ಹೋಗುವುದೇ ದೊಡ್ಡದಿತ್ತು.

ತುಂಡುಗಳನ್ನು ತಾಡಪಾಲಿನಲ್ಲಿ ಸುತ್ತಿ ಕಬ್ಬಿಣದ ಕಪಾಟಿನ ಹಿಂದೆ ನಿಲ್ಲಿಸಿದೆ. ಗದ್ದೆಮ್ಮ ಬಂದಾಗ ಖಾಲಿ ಜಾಗ ನೋಡಿ "ಕೊಟ್ಟೆ ಹೌದಲ್ಲ?" ಎಂದಳು. "ಕೊಟ್ಟೆ" ಎಂದೆ. ಅದು ನಾನು ಅವಳಿಗೆ ಹೇಳಿದ ಮೊದಲ ಸುಳ್ಳು.

ಕಾರ್ಯ ಮುಗಿದ ಮರುದಿನ ಅವಳು ಅಂಬಿಕಾಳನ್ನು ಕರೆದುಕೊಂಡು ಹೊರಟಳು.

"ನೀ ಹಿಂಗ ಕಲ್ಲಾಗಿ ಕುಂತ್ರ ಆ ಕೂಸು ಯಾರ ಮುಂದ ಅಳಬೇಕು? ನಮ್ಮನ್ಯಾಗರ ಮನಸು ಬಿಚ್ಚಿ ಅಳ್ತಾಳ. ಎರಡು ತಿಂಗಳು ಇರ್ಲಿ."

ನಾನು ಮಗಳ ಮುಖ ನೋಡಿದೆ. ಅವಳು ಬ್ಯಾಗು ಎತ್ತಿಕೊಂಡಳು. ಅವಳಿಗೂ ಅದೇ ಸರಿ ಅನಿಸಿದೆ ಎಂದು ತಿಳಿದೆ. ಎರಡು ತಿಂಗಳು ಹದಿನೈದು ತಿಂಗಳಾಯಿತು. ಎರಡನೇ ಪಿಯುಸಿಯನ್ನೂ ಅಲ್ಲಿಯೇ ಓದಿದಳು.

ಪ್ರತಿ ಭಾನುವಾರ ಅವಳನ್ನು ನೋಡಲು ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದೆ. ನಡುವೆ ಮಸ್ಕಿ ಬರುತ್ತದೆ. ಪದ್ಮಾವತಿಯ ತವರೂರು ಅದು. ಆ ಮಂಚ ಮಾಡಿದ ದಾವಲ್‌ಸಾಬ್ ಇನ್ನೂ ಅಲ್ಲಿ ಕೆಲಸ ಮಾಡುತ್ತಾನೆ. ಒಂದು ಭಾನುವಾರ ಆ ನಾಲಿಗೆ ಹೇಗೆ ಕೊಯ್ಯುತ್ತಾರೆಂದು ಕೇಳೋಣವೆಂದು ಇಳಿದೆ. ಎಪ್ಪತ್ತು ದಾಟಿದ ಮನುಷ್ಯ. ನನ್ನನ್ನು ಗುರುತು ಹಿಡಿದ, ಪದ್ಮಾವತಿಯ ವಿಷಯ ಕೇಳಿದ, ಹೇಳಿದೆ. ಅತ್ತುಬಿಡಿ ಎನ್ನಲಿಲ್ಲ. ಒಂದು ಬೇವಿನ ತುಂಡು, ಒಂದು ಉಳಿ ಮುಂದಿಟ್ಟ.

"ಹೊಡೀರಿ ನೋಡೂಣು."

ಹೊಡೆದೆ. ತುಂಡು ಸೀಳಿ ಎರಡಾಯಿತು.

"ಕಟ್ಟಿಗಿ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ ಸರ್ರ. ಅದರ ಎಳಿ ಎತ್ತಾಗ ಹೊಂಟೈತಿ ಮೊದಲ ನೋಡ್ರಿ."

ಅವತ್ತು ಅರ್ಧ ಗಂಟೆ ಕೂತು ಮುಂದಿನ ಬಸ್ಸಿಗೆ ಲಿಂಗಸುಗೂರಿಗೆ ಹೋದೆ. ಮುಂದಿನ ವಾರ ಎರಡು ಗಂಟೆ ಕೂತೆ. ಆಮೇಲಾಮೇಲೆ ಮಧ್ಯಾಹ್ನವಾಗುತ್ತಿತ್ತು, ಇನ್ನು ಈ ಹೊತ್ತಿನಲ್ಲಿ ಅಲ್ಲಿಗೆ ಯಾಕೆಂದು ಮಸ್ಕಿಯಿಂದಲೇ ತಿರುಗುತ್ತಿದ್ದೆ. ನಾಲ್ಕನೇ ತಿಂಗಳಿಗೆ ಕಂಡಕ್ಟರನ ಮುಂದೆ ಬಾಯಿ ತಾನಾಗಿಯೇ "ಮಸ್ಕಿ ಒಂದು" ಎನ್ನತೊಡಗಿತು. ಲಿಂಗಸುಗೂರಿನಲ್ಲಿ ಹೋಗಿ ಮಾಡುವುದಾದರೂ ಏನು? ಗದ್ದೆಮ್ಮ ಅಳುವಳು, ಅಂಬಿಕಾ ತಲೆ ತಗ್ಗಿಸಿ ಕೂಡುವಳು, ನಾನು ಒಣ ಕಣ್ಣಿನಲ್ಲಿ ಚಹಾ ಕುಡಿಯುವೆ. ಫೋನಿನಲ್ಲಿ "ಊಟ ಆತೇನವಾ?", "ಹೂಂ, ಆತು, ನಿಂದು?" ಎಂದು ಮಾತಾಡಿಕೊಳ್ಳುತ್ತಿದ್ದೆವು. ಮಗಳು ಕೈ ತಪ್ಪುತ್ತಿದ್ದಾಳೆಂದು ನನಗೆ ತಿಳಿಯುತ್ತಿರಲಿಲ್ಲ ಎನ್ನಬೇಡಿ. ಚೆನ್ನಾಗಿ ತಿಳಿಯುತ್ತಿತ್ತು. ತಿಳಿದೂ ಮಸ್ಕಿಯಲ್ಲಿ ಇಳಿಯುತ್ತಿದ್ದೆ.

ಈ ವರ್ಷ ಜೂನ್ ಹತ್ತಿರ ಬಂದಾಗ ಗದ್ದೆಮ್ಮ ಫೋನ್ ಮಾಡಿದಳು. ಅಂಬಿಕಾ ಒಳ್ಳೆಯ ನಂಬರಿನಲ್ಲಿ ಪಾಸಾಗಿದ್ದಳು.

"ಬಿಎಸ್ಸಿಗೆ ಇಲ್ಲೇ ಹಚ್ಚಿಬಿಡ್ತೀವಿ ಗಂಗಾಧರಪ್ಪಾ. ಆಕಿನೂ ಬ್ಯಾಡ ಅಂದಿಲ್ಲ."

ಮೂರು ವರ್ಷ. ಅದಾದ ಮೇಲೆ ನೌಕರಿಯೋ ಮದುವೆಯೋ, ಯಾವುದಾದರೂ ಒಂದು ಅವಳನ್ನು ಕರೆದೊಯ್ಯುತ್ತದೆ. ಈಗ ಬರದಿದ್ದರೆ ಅವಳು ಇನ್ನು ಈ ಮನೆಗೆ ನೆಂಟಳಾಗಿಯೇ ಬರುವುದು. ಲೆಕ್ಕ ಮನಸ್ಸಿನಲ್ಲಿ ತಾನಾಗಿ ಆಯಿತು. ಎದೆಯಲ್ಲಿ ಏನೂ ಆಗಲಿಲ್ಲ, ಆದರೆ ಬಾಯಿ ಮಾತಾಡಿತು.

"ಸಿಂಧನೂರಾಗೂ ಕಾಲೇಜ್ ಐತೆಲ್ಲ ಅಕ್ಕ. ಇಲ್ಲೇ ಬರ್ಲಿ."

"ಬಂದು ಎಲ್ಲಿ ಕುಂತು ಓದಬೇಕು? ನಿನ್ನ ಹೊಟ್ಟಿನಾಗೇನು?"

"ಆಕಿಗಂತ ಒಂದು ಮೇಜು ಮಾಡೀನಿ" ಎಂದೆ. ಎರಡನೇ ಸುಳ್ಳು. "ಬಂದು ನೋಡ್ರಿ. ಆಮ್ಯಾಲ ಆಕಿಗೇ ಕೇಳ್ರಿ, ಎಲ್ಲಿ ಇರ್ತಿ ಅಂತ."

ಗದ್ದೆಮ್ಮ ಮೂರು ವಾರ ಬಿಟ್ಟು ಭಾನುವಾರ ಬರುವುದಾಗಿ ಹೇಳಿದಳು. ನನ್ನ ಕೈಯಲ್ಲಿ ಇಪ್ಪತ್ತೊಂದು ಸಂಜೆಗಳಿದ್ದವು. ಮೇಜು ಇರಲಿ, ಒಂದು ಹಲಗೆಯೂ ಇರಲಿಲ್ಲ.

ದಾವಲ್‌ಸಾಬ್‌ನ ಹತ್ತಿರ ಇದ್ದದ್ದು ಹಸಿ ಬೇವು. ಅದರಲ್ಲಿ ಮೇಜು ಮಾಡಿದರೆ ದೀಪಾವಳಿಗೆ ಬಾಗಿ ದೋಣಿಯಾಗುತ್ತದೆ ಎಂದ. ಗಡ್ಡ ಕೆರೆದುಕೊಂಡು ಕೇಳಿದ.

"ಆ ಮಂಚದ ತಲಿ ಕಡೆ ಹಲಗಿ ಎಲ್ಲಿ ಹೋತ್ರಿ? ಒಂದೇ ಅಖಂಡ ಸಾಗುವಾನಿ ಅದು. ನಿಮ್ಮ ಮಾವ ನಿಂತು ಆರಿಸಿದ್ದು."

"ಮನ್ಯಾಗೇ ಐತಿ."

"ಮತ್ತ? ಇಪ್ಪತ್ತು ವರ್ಷ ಒಣಗಿದ ಕಟ್ಟಿಗಿ. ಅದನ್ನ ಬಿಟ್ಟು ಎಲ್ಲಿ ಹುಡುಕಾಕತ್ತೀರಿ?"

"ಅದಕ್ಕ ಎಣ್ಣಿ ಕಲೆ ಆಗೈತ್ರಿ."

"ಎಣ್ಣಿ ಕುಡಿದಲ್ಲಿ ಪಾಲಿಶ್ ಹಿಡಿಯೂದಿಲ್ಲ. ಎಣ್ಣಿ ಎಲ್ಲಿ ತನಕ ಇಳಿದೈತಿ, ಅಲ್ಲಿ ತನಕ ರಂದಾ ಹೊಡೀರಿ. ಹಲಗಿ ದಪ್ಪ ಐತಿ, ತಡಕೊಂತೈತಿ." ಎಂದು ತನ್ನದೇ ಒಂದು ರಂದಾ ಕೊಟ್ಟು ಕಳಿಸಿದ. ಹಲಗೆಯನ್ನು ತೆಳ್ಳಗೆ ಸಿಪ್ಪೆ ಎಬ್ಬಿಸಿ ನುಣುಪು ಮಾಡುವ ಸಾಧನ ಅದು.

ತಾಡಪಾಲು ಬಿಚ್ಚಿದೆ. ತಲೆದೆಸೆಯ ಹಲಗೆಯ ಎಡಗಡೆ ಊಟದ ತಟ್ಟೆಯಷ್ಟಗಲ ಕಪ್ಪು ಕಲೆ. ಪದ್ಮಾವತಿ ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅಲ್ಲಿಗೆ ಒರಗಿ ಟಿವಿ ನೋಡುತ್ತಿದ್ದಳು, ಅಂಬಿಕಾಳಿಗೆ ಜಡೆ ಹಾಕುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು. ಇಪ್ಪತ್ತು ವರ್ಷದ ಎಣ್ಣೆ. ಬಲಗಡೆ ನನ್ನ ಜಾಗ. ಅಲ್ಲಿ ಏನೂ ಇರಲಿಲ್ಲ.

ರಂದಾ ಹೊಡೆಯುವ ಮೊದಲು ಒಂದು ನಿಮಿಷ ನಿಂತೆ. ಏನಾದರೂ ಆಗಬಹುದೆಂದು ಕಾದೆ. ಏನೂ ಆಗಲಿಲ್ಲ, ಕಸ್ತೂರೆಮ್ಮನ ಕುಕ್ಕರು ಕೂಗಿತು. ಶುರು ಮಾಡಿದೆ. ಮೊದಲ ಸಿಪ್ಪೆಗಳು ಕಂದಾಗಿ ಸುರುಳಿ ಸುತ್ತಿ ಎದ್ದವು. ಕೊಬ್ಬರಿ ಎಣ್ಣೆಯ ವಾಸನೆ ಸಣ್ಣಗೆ ಬಂತು. ಮತ್ತೆ ಕಾದೆ. ಮತ್ತೆ ಹೊಡೆದೆ. ಎಣ್ಣೆ ನಾನೆಂದುಕೊಂಡಿದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಅಲ್ಲಷ್ಟೇ ಹೊಡೆದರೆ ತಗ್ಗು ಬೀಳುತ್ತದೆಂದು ಇಡೀ ಹಲಗೆಯನ್ನು ಅದೇ ಮಟ್ಟಕ್ಕೆ ಇಳಿಸಬೇಕಾಯಿತು. ಐದು ಸಂಜೆ ಹಿಡಿಯಿತು. ಐದನೇ ಸಂಜೆ ಸಿಪ್ಪೆ ಬಂಗಾರದ ಬಣ್ಣಕ್ಕೆ ಬಂತು, ಬರೀ ಕಟ್ಟಿಗೆಯ ವಾಸನೆ. ಕೆಲಸ ಬಲು ಚೊಕ್ಕವಾಗಿತ್ತು. ಸಿಪ್ಪೆಯನ್ನೆಲ್ಲ ಅಕ್ಕಿ ಚೀಲಕ್ಕೆ ತುಂಬಿ ಬೆಳಿಗ್ಗೆ ಹಾಡು ಹಾಕಿಕೊಂಡು ಬಂದ ನಗರಸಭೆಯ ಕಸದ ಗಾಡಿಗೆ ಹಾಕಿದೆ. ಎರಡು ಚೀಲ ಆಗಿತ್ತು.

ಮಂಚದ ಕಾಲುಗಳನ್ನೇ ಮೇಜಿನ ಕಾಲು ಮಾಡಿದೆ, ಬೋಲ್ಟಿನ ತೂತುಗಳಿಗೆ ಕಟ್ಟಿಗೆಯ ಬಿರಟೆ ಬಡಿದು ಮುಚ್ಚಿದೆ. ಒಂದು ಮೊಳೆಯೂ ಇಲ್ಲದೆ ಕೂಡಿಸಿದೆ. ಪಾಲಿಶ್ ಎಲ್ಲ ಕಡೆ ಒಂದೇ ಸಮ ಹಿಡಿಯಿತು. ಮಂಚ ಇದ್ದ ಜಾಗದಲ್ಲಿ, ಕಿಟಕಿಯ ಪಕ್ಕ, ಮೇಜನ್ನು ಇಟ್ಟು ಅಲುಗಾಡಿಸಿ ನೋಡಿದೆ. ಅಲುಗಾಡಲಿಲ್ಲ. ನಾನು ಮಾಡಿದ್ದರಲ್ಲಿ ನಾಲ್ಕೂ ಕಾಲು ನೆಲ ಮುಟ್ಟಿದ ಮೊದಲ ಸಾಮಾನು ಅದು.

ಭಾನುವಾರ ಹನ್ನೊಂದಕ್ಕೆ ಅವರಿಬ್ಬರೂ ಬಂದರು. ಗದ್ದೆಮ್ಮನ ಕೈಯಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿ. ಅಂಬಿಕಾ ನನಗಿಂತ ಎತ್ತರ ಬೆಳೆದಿದ್ದಳು. ಯಾವಾಗ ಬೆಳೆದಳೋ, ನಾನು ಮಸ್ಕಿಯಲ್ಲಿದ್ದೆ. ಗದ್ದೆಮ್ಮ ಮನೆಯೆಲ್ಲ ಕಣ್ಣಾಡಿಸಿ, ಕಪಾಟಿನ ಮೇಲೆ ಬೆರಳೆಳೆದು ಹೊಟ್ಟು ನೋಡಿ ಮೂಗು ಮುರಿದಳು. ಆಮೇಲೆ ಮೇಜಿನ ಮೇಲೆ ಅಂಗೈ ಇಟ್ಟಳು. ಕೈ ಅಲ್ಲೇ ನಿಂತಿತು.

"ನೀನೇ ಮಾಡಿದ್ಯಾ? ಖರೇನ?"

"ಹೂಂ ಅಕ್ಕ."

"ಗಾಜಿನಂಗೈತಲ್ಲೋ ಮಾರಾಯ. ಕಟ್ಟಿಗಿ ಎಲ್ಲಿಂದು?"

"ಮಸ್ಕಿದು" ಎಂದೆ. ಅದು ಪೂರ್ತಿ ಸುಳ್ಳಲ್ಲ. ಅಂಬಿಕಾ ನನ್ನ ಮುಖವನ್ನೊಮ್ಮೆ ನೋಡಿದಳು.

ಅಷ್ಟರಲ್ಲಿ ಕೆಳಗಿನಿಂದ ಕಸ್ತೂರೆಮ್ಮ ಕೂಗಿದಳು. ಉಪ್ಪಿನಕಾಯಿ ಹಾಕುತ್ತಿದ್ದಳು, ನೆಂಟರು ಬಂದದ್ದು ಕೇಳಿಸಿರಬೇಕು, ಒಂದು ಬಾಟಲಿ ಒಯ್ಯಲು ಬರಹೇಳಿದಳು. ಉಪ್ಪಿನಕಾಯಿ ಎಂದರೆ ಗದ್ದೆಮ್ಮ ಸಪ್ತಸಮುದ್ರ ದಾಟುವವಳು. ಮೆಟ್ಟಿಲಿಳಿದು ಹೋದಳು. ಇನ್ನು ಅರ್ಧ ಗಂಟೆ ಬರುವವಳಲ್ಲ.

ಅಂಬಿಕಾ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಹಲಗೆಯ ಮೇಲೆ ಎರಡೂ ಕೈ ಆಡಿಸಿದಳು, ಎಡಗಡೆಯಿಂದ ಬಲಗಡೆ, ಬಲಗಡೆಯಿಂದ ಎಡಗಡೆ. ಆಮೇಲೆ ಬಗ್ಗಿ ಮೂಗು ಹಚ್ಚಿ ವಾಸನೆ ನೋಡಿದಳು. ಒಂದು ಕಡೆ ನೋಡಿದಳು, ಜಾಗ ಬದಲಿಸಿ ಇನ್ನೊಂದು ಕಡೆ ನೋಡಿದಳು.

"ಅಪ್ಪಾ, ಅವ್ವನ ತಲಿ ಇದರಾಗ ಯಾವ ಕಡೆ ಇತ್ತು?"

ಗೋಡೆಗೆ ಒರಗಿ ಕೂತಿದ್ದ ನಾನು ಅವಳ ಕಡೆ ತಿರುಗಿದೆ.

"ನಿನಗ ಹ್ಯಾಂಗ ಗೊತ್ತು?"

"ಹೋಗೋ ದಿನ ಕಪಾಟದ ಹಿಂದ ತಾಡಪಾಲ ಬಿಚ್ಚಿ ನೋಡಿದ್ದೆ. ದೊಡ್ಡವ್ವಗ ಹೇಳಿಲ್ಲ. ಯಾವ ಕಡೆ?"

ಎಡಗಡೆ ತೋರಿಸಿದೆ.

"ಅಲ್ಲೊಂದು ಎಣ್ಣಿ ಕಲೆ ಇತ್ತಲ್ಲ."

"ರಂದಾ ಹೊಡೆದೆ. ಪಾಲಿಶ್ ಹಿಡಿಯೂದಿಲ್ಲ ಅಂದ್ರು."

"ಎಲ್ಲಾ ತೆಗೆದೆ?"

"ಎಲ್ಲಾ."

"ಆ ಸಿಪ್ಪಿ?"

"ಕಸದ ಗಾಡಿಗೆ ಹಾಕಿದೆ."

ಅವಳು ಕೈಗಳನ್ನು ಹಲಗೆಯ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮುಗಿಯಿತು, ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡೆ. ಸತ್ತವಳ ಮಂಚದ ಮೇಲೆ ಓದು ಎಂದು ಕರೆದ ಅಪ್ಪ.

"ರಂದಾ ಹೊಡಿಯುವಾಗ ನಿನಗ ಏನೂ ಅನ್ನಿಸಲಿಲ್ಲೇನಪ್ಪಾ?"

ಅನ್ನಿಸಿತು ಎಂದು ಹೇಳಬಹುದಿತ್ತು. ಎರಡು ಸುಳ್ಳಿನ ಜೊತೆ ಮೂರನೆಯದು. ಆ ಒಂದು ಮಾತಿಗೆ ಅವಳು ಇಲ್ಲಿ ಉಳಿಯಬಹುದಿತ್ತು. ಮಂದಿ ನನ್ನಿಂದ ಕೇಳಬೇಕೆಂದಿದ್ದದ್ದೂ ಅದೇ. ನನ್ನ ಬಾಯಿಗೆ ಬರಲಿಲ್ಲ.

"ಇಲ್ಲವಾ. ಅನ್ನಿಸ್ತೈತೇನೋ ಅಂತ ನಿಂತು ನೋಡಿದೆ. ಎರಡು ಸಲ ನಿಂತೆ. ಅನ್ನಿಸಲಿಲ್ಲ."

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅಲ್ಲಿಂದ ತಿರುಗದೆಯೇ ಹೇಳಿದಳು.

"ನನಗೂ ಬಂದಿಲ್ಲ."

"ಏನು?"

"ಅಳು. ಅವತ್ತಿಂದ ಒಂದು ಸಲಾನೂ ಬಂದಿಲ್ಲ."

"ದೊಡ್ಡವ್ವ ಅಂತಿದ್ಲಲ್ಲ, ಅಂಬಿಕಾ ಬಾಳ ಅಳ್ತಾಳ ಅಂತ."

"ಅಳ್ತೀನಿ. ಮಂದಿ ಬಂದಾಗೆಲ್ಲ ದೊಡ್ಡವ್ವ ನನ್ನ ತೆಕ್ಕಿ ಹಾಕ್ಕೊಂಡು ಅಳ್ತಾಳ. ನಾ ಸುಮ್ನಿದ್ರ ಮಾರಿ ಎತ್ತಿ ನೋಡ್ತಾಳ. ಅದಕ್ಕ ವೇಲ್ ಮಾರಿಗೆ ಹಿಡ್ಕೊಂಡು ಭುಜ ಅಲುಗಾಡಿಸ್ತೀನಿ. ಈಗ ಚಂದಂಗ ಬರ್ತೈತಿ ನನಗ. ಮಂದಿ ಅಂತಾರ, ಪಾಪ, ತಾಯಿಗೆ ಎಷ್ಟು ಹಚ್ಚಿಕೊಂಡಿತ್ತು ಹುಡುಗಿ ಅಂತ." ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದಳು. "ನನ್ನೊಳಗ ಏನೋ ಕೆಟ್ಟೈತಿ ಅನ್ಕೊಂಡಿದ್ದೆ. ಆ ಹಲಗಿ ವಾಸನಿ ನೋಡಿದ್ರ ಖರೇ ಅಳು ಬರಬಹುದು ಅಂತ ಹದಿನೈದು ತಿಂಗಳಿಂದ ಕಾದೀನಿ. ಅದನ್ನ ನೋಡಾಕ ಬಂದೆ ಇವತ್ತು. ಮೇಜು ನೋಡಾಕಲ್ಲ."

ಎರಡು ಚೀಲ ಸಿಪ್ಪೆ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಎಲ್ಲರೂ ನನ್ನನ್ನು ಕಲ್ಲು ಎಂದದ್ದಕ್ಕೆ ಈ ಹುಡುಗಿ ಅಳುವುದನ್ನು ಕಲಿತಳು. ನಾನು ಭಾನುವಾರಗಳಂದು ಮಸ್ಕಿಯಲ್ಲಿ ಇಳಿಯದೆ ಹೋಗಿದ್ದರೆ, ಇಬ್ಬರೂ ಒಣ ಕಣ್ಣಿನಲ್ಲೇ ಎದುರುಬದುರು ಕೂತು ಚಹಾ ಕುಡಿಯಬಹುದಿತ್ತು.

"ನನ್ನ ಮ್ಯಾಲ ಸಿಟ್ಟು ಬಂತೇನವಾ?"

ಅವಳು ವಿಚಾರ ಮಾಡಿದಳು. "ಅದೂ ಬರವಲ್ದು."

"ಹೂಂ."

"ನಾ ಇಲ್ಲಿಗೆ ಬರ್ತೀನಪ್ಪಾ. ಅಲ್ಲಿ ಅತ್ತು ಅತ್ತು ಸಾಕಾಗೈತಿ."

"ಇಲ್ಲಿ ದಿನಾ ಸಂಜಿಕ ಗರಗಸದ ಸಪ್ಪಳ ಇರ್ತೈತಿ. ಸಾರಿನಾಗ ಹೊಟ್ಟು ಬೀಳ್ತೈತಿ."

"ಬೀಳ್ಲಿ" ಎಂದಳು.

ಗದ್ದೆಮ್ಮ ಉಪ್ಪಿನಕಾಯಿ ಬಾಟಲಿ ಹಿಡಿದು ಮೇಲೆ ಬಂದಾಗ ನಾವಿಬ್ಬರೂ ಹಾಗೆಯೇ ಕೂತಿದ್ದೆವು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಮೇಷ್ಟ್ರ ಮಣೆಯ ಬಗ್ಗೆ ಏನೋ ಹೇಳಿ ನಗುತ್ತಿದ್ದಳು. ಅಂಬಿಕಾ ನಡುವೆಯೇ ಮಾತಾಡಿದಳು.

"ದೊಡ್ಡವ್ವ, ನಾ ಇಲ್ಲೇ ಇರ್ತೀನಿ. ಇನ್ನೊಂದು ಹೇಳ್ಬೇಕು. ಇದು ಅವ್ವನ ಮಂಚದ ಹಲಗಿ. ಅಪ್ಪ ಯಾರಿಗೂ ಕೊಟ್ಟಿಲ್ಲ."

ಗದ್ದೆಮ್ಮ ಮೇಜಿನ ಮೇಲಿದ್ದ ಕೈಯನ್ನು ಬಿಸಿ ತಗುಲಿದವಳ ಹಾಗೆ ಹಿಂದೆಗೆದಳು. ನಾನು ಬೈಗುಳಕ್ಕೆ ತಯಾರಾದೆ. ಸುಳ್ಳು ಹೇಳಿದ್ದಕ್ಕೆ ಒಂದು, ನೆಲಕ್ಕೆ ಇಳಿಸದೆ ಇದ್ದದ್ದಕ್ಕೆ ಒಂದು, ಹುಡುಗಿಯನ್ನು ಇದರ ಮುಂದೆ ಕೂರಿಸಿದ್ದಕ್ಕೆ ಒಂದು. ಬೈಯಲಿ ಎಂದೇ ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ಹಿಂದೆಗೆದ ಕೈಯನ್ನು ಮೆಲ್ಲಗೆ ಮತ್ತೆ ಹಲಗೆಯ ಮೇಲಿಟ್ಟಳು.

"ನಮ್ಮಪ್ಪ ತಂದ ಸಾಗುವಾನಿ" ಎಂದಳು. "ಪದ್ದಿ ಮದಿವಿಗೆ."

ಮಂಡಿ ಮಡಚಿ ನೆಲಕ್ಕೆ ಕೂತಳು. ನಾನು ಚೊಕ್ಕ ಮಾಡಿಟ್ಟ ಆ ಹಲಗೆಯ ಮೇಲೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿ, "ಪದ್ದೀ, ನನ್ನವ್ವಾ" ಎಂದು ಅಳತೊಡಗಿದಳು. ಎದೆ ಬಡಿದುಕೊಳ್ಳಲಿಲ್ಲ, ಯಾರಿಗೂ ಕೇಳಿಸಬೇಕೆಂದು ಅಳಲಿಲ್ಲ. ಅಲ್ಲಿ ಕಲೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಅವಳಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ಕಣ್ಣೀರು ಪಾಲಿಶ್ ಮೇಲೆ ಹರಿದು ಅಂಚಿಗೆ ಬಂದು ಸೀರೆಯ ಮೇಲೆ ಬೀಳುತ್ತಿತ್ತು.

ಅಂಬಿಕಾ ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳ ವೇಲು ಹೆಗಲ ಮೇಲೆಯೇ ಇತ್ತು. ನಾವಿಬ್ಬರೂ ಗೋಡೆಗೆ ಒರಗಿ ಗದ್ದೆಮ್ಮನನ್ನೇ ನೋಡುತ್ತಿದ್ದೆವು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಪದ್ಮಾವತಿ ಹೋದ ಮೇಲೆ ನನಗೆ ಏನಾದರೂ ಅನಿಸಿದ್ದು ಅದೇ ಮೊದಲು.

"ಅಪ್ಪಾ" ಎಂದಳು ಅಂಬಿಕಾ, ಬಹಳ ಮೆಲ್ಲಗೆ. "ದೊಡ್ಡವ್ವಂದು ಖರೇ ಅಳು."

"ಹೌದವಾ" ಎಂದೆ.